ಕರುಳಿನ ಉರಿಯೂತ ಕಾಯಿಲೆಯ ತಜ್ಞ ಚಿಕಿತ್ಸೆ

ಕರುಳಿನ ಗೋಡೆಯಲ್ಲಿ ಉರಿಯೂತ ನೆಲೆಸಿ, ವರ್ಷಗಟ್ಟಲೆ ಒಮ್ಮೆ ಕೆರಳುತ್ತ ಒಮ್ಮೆ ತಣಿಯುತ್ತ ಸಾಗುವ ಕಾಯಿಲೆಗಳ ಗುಂಪನ್ನು ವೈದ್ಯರು ಐಬಿಡಿ ಎಂದು ಕರೆಯುತ್ತಾರೆ. ಇವುಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚು. ಅದು ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುವುದರಿಂದ ಕರುಳು ಕಿರಿದಾಗುವುದು, ಕೀವುಗಟ್ಟುವುದು, ಫಿಸ್ಟುಲಾ (ಕರುಳಿನಿಂದ ಬೇರೆಡೆಗೆ ಕೊರೆದುಕೊಂಡ ಅಸಹಜ ದಾರಿ) ಆಗುವುದು ಇದರ ಸ್ವಭಾವ. ಎರಡಕ್ಕೂ ಶಾಶ್ವತ ಪರಿಹಾರ ಇನ್ನೂ ಸಿಕ್ಕಿಲ್ಲ. ಹಿಡಿತದಲ್ಲಿಡುವ ದಾರಿಗಳು ಮಾತ್ರ ಕಳೆದ ಕಾಲು ಶತಮಾನದಲ್ಲಿ ಬಹಳ ಹೆಚ್ಚಿವೆ. ಯಾರಿಗೆ, ಯಾವ ಘಟ್ಟದಲ್ಲಿ, ಯಾವ ದಾರಿ ಎಂದು ತೀರ್ಮಾನಿಸುವುದೇ ತಜ್ಞ ಚಿಕಿತ್ಸೆಯ ತಿರುಳು. ಹೊಸ ಇಂಜೆಕ್ಷನ್‌ಗಳ ಹೆಸರು ತಿಳಿದಿದ್ದರೆ ಸಾಲದು. ಈ ಕಾಯಿಲೆಯಲ್ಲಿ ಔಷಧದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಸಮಯ ಕೆಲಸ ಮಾಡುತ್ತದೆ.

2017ರ ಜಾಗತಿಕ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 68 ಲಕ್ಷ ಮಂದಿಗೆ ಐಬಿಡಿ ಇತ್ತು. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂಬ ನಂಬಿಕೆ ಭಾರತದ ವೈದ್ಯರಲ್ಲೂ ಬಹುಕಾಲ ಇತ್ತು. ಲೂಧಿಯಾನದ ದಯಾನಂದ ಮೆಡಿಕಲ್ ಕಾಲೇಜಿನ ಅಜಿತ್ ಸೂದ್ ಮತ್ತು ಸಂಗಡಿಗರು 1999ರಲ್ಲಿ ಪಂಜಾಬಿನಲ್ಲಿ ಮನೆಮನೆ ಸಮೀಕ್ಷೆ ನಡೆಸಿ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಲಕ್ಷಕ್ಕೆ 44.3 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇರುವುದು ಕಂಡಿತು. 2003ರಲ್ಲಿ ಈ ಅಂಕಿ ಪ್ರಕಟವಾದ ಮೇಲೆ ಹಳೆಯ ನಂಬಿಕೆ ನಿಲ್ಲಲಿಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ತಂಡ ತೆಲಂಗಾಣದ ಹಳ್ಳಿಗಳಿಗೆ ಹೋಗಿ ನೋಡಿದಾಗ, ಹೊಟ್ಟೆಯ ತೊಂದರೆ ಹೇಳಿಕೊಂಡು ಬರುವವರಲ್ಲಿ ಐಬಿಡಿ ಇರುವವರ ಪಾಲು ಪಟ್ಟಣಕ್ಕೂ ಹಳ್ಳಿಗೂ ಹೆಚ್ಚು ಬೇರೆಯಾಗಿರಲಿಲ್ಲ.

ಹಿನ್ನೆಲೆ

ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ದೊಡ್ಡ ಕರುಳಿನ ಹುಣ್ಣನ್ನು ಸೋಂಕಿನ ರಕ್ತಭೇದಿಯಿಂದ ಬೇರ್ಪಡಿಸಿ ವಿವರಿಸಿದರು. ಗ್ಲಾಸ್ಗೋದ ಸರ್ಜನ್ ಕೆನೆಡಿ ಡಾಲ್ಜಿಯೆಲ್ 1913ರಲ್ಲಿ ಬರೆದದ್ದು ಈಗ ನಾವು ಕ್ರೋನ್ಸ್ ಎನ್ನುವ ಕಾಯಿಲೆಯ ಬಗ್ಗೆಯೇ ಇರಬೇಕು. ಆದರೆ ಹೆಸರು ನಿಂತದ್ದು ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್ ಅವರದು. 1932ರಲ್ಲಿ ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಜೊತೆಗೂಡಿ ಅವರು ಹದಿನಾಲ್ಕು ರೋಗಿಗಳ ವಿವರ ಪ್ರಕಟಿಸಿದ್ದರು. ಲೇಖಕರ ಪಟ್ಟಿಯಲ್ಲಿ ಅಕ್ಷರಾನುಕ್ರಮದಿಂದ ಮೊದಲು ಬಂದದ್ದೇ ಕ್ರೋನ್ ಅವರಿಗೆ ಒದಗಿದ ಅದೃಷ್ಟ.

ಚಿಕಿತ್ಸೆಯ ಇತಿಹಾಸದಲ್ಲಿ ಎರಡು ಮೂರು ತಿರುವುಗಳು ಇಂದಿಗೂ ವಾರ್ಡಿನಲ್ಲಿ ಕಾಣುತ್ತವೆ. ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ರೂಪಿಸಿದ ಸಲ್ಫಾಸಲಜಿನ್ 1940ರ ದಶಕದಲ್ಲಿ ಕೊಲೈಟಿಸ್‌ಗೆ ಒಗ್ಗಿತು; ಅದರ ಸಂತತಿಯಾದ ಮೆಸಲಮೈನ್ ಈಗಲೂ ಸೌಮ್ಯ ಕಾಯಿಲೆಗೆ ಮೊದಲ ಔಷಧ. ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ ಕಾರ್ಟಿಸೋನ್‌ನ ಪ್ರಯೋಗ ಪ್ರಕಟಿಸಿದರು. ಅದುವರೆಗೆ ತೀವ್ರ ಕೊಲೈಟಿಸ್ ಎಂದರೆ ಸಾವಿನ ಭಯ ನಿಜವಾಗಿತ್ತು. ಇಂದು ಅನುಭವಿ ಕೇಂದ್ರಗಳಲ್ಲಿ ಅದರಿಂದ ಸಾಯುವವರು 1% ಆಸುಪಾಸು. ಇಳಿಕೆಯ ಶ್ರೇಯ ಸ್ಟಿರಾಯ್ಡ್‌ನದೊಂದೇ ಅಲ್ಲ. ಸ್ಟಿರಾಯ್ಡ್ ಕೈಕೊಟ್ಟಿತೆಂದು ತಡಮಾಡದೆ ಒಪ್ಪಿಕೊಂಡು ಸರ್ಜನ್ನರನ್ನು ಕರೆಯುವ ಶಿಸ್ತಿನದೂ ಹೌದು.

ರೋಗಿ ತಜ್ಞರನ್ನು ತಲುಪುವ ದಾರಿ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಹೆಸರು ಮೂಲವ್ಯಾಧಿ. ಆಪರೇಷನ್ ಇಲ್ಲದೆ ಗುಣಪಡಿಸುವುದಾಗಿ ಫಲಕ ಹಾಕಿದ ಅಂಗಡಿ ಇಲ್ಲದ ಊರು ಕಡಿಮೆ. ಎರಡನೆಯ ಹೆಸರು ಆಮಶಂಕೆ; ಮೆಟ್ರೊನಿಡಜೋಲ್ ಮಾತ್ರೆಗಳ ಕೋರ್ಸಿನ ಮೇಲೆ ಕೋರ್ಸು ನಡೆಯುತ್ತದೆ. ಮೂರನೆಯದು ಟೆನ್ಷನ್‌ನಿಂದ ಕೆಡುವ ಹೊಟ್ಟೆ, ಅಂದರೆ ಐಬಿಎಸ್. ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ತೂಕ ಇಳಿಯುವುದಿಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸಿ ಕಕ್ಕಸಿಗೆ ಓಡಿಸುವುದಿಲ್ಲ. ಆರು ವಾರ ದಾಟಿದ ಭೇದಿ, ರಾತ್ರಿಯ ಭೇದಿ, ರಕ್ತಹೀನತೆ, ಇಳಿಯುವ ತೂಕ, ಬೆಳವಣಿಗೆ ನಿಂತ ಮಗು, ಮತ್ತೆ ಮತ್ತೆ ಬರುವ ಗುದದ ಫಿಸ್ಟುಲಾ: ಇವುಗಳಲ್ಲಿ ಯಾವುದಿದ್ದರೂ ತಜ್ಞರ ಬಳಿ ಕಳುಹಿಸಬೇಕು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಮಟ್ಟ ಅಳೆಯುವ ಪರೀಕ್ಷೆ ಈ ಹಂತದಲ್ಲಿ ಬಹಳ ಉಪಯುಕ್ತ. ಅದು ಬಿಳಿರಕ್ತಕಣಗಳಿಂದ ಬರುವಂಥದ್ದು. ಮಟ್ಟ ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತ ಇರುವ ಸಾಧ್ಯತೆ ಕಡಿಮೆ, ಕೊಲೊನೋಸ್ಕೋಪಿ ತಪ್ಪಬಹುದು.

ಕೊಲೊನೋಸ್ಕೋಪಿ ಮತ್ತು ಬಯಾಪ್ಸಿಗಳಿಂದ ಅಲ್ಸರೇಟಿವ್ ಕೊಲೈಟಿಸನ್ನು ಸಾಮಾನ್ಯವಾಗಿ ಗುರುತಿಸಬಹುದು. ಕ್ರೋನ್ಸ್ ಗುರುತಿಸುವಲ್ಲಿ ಭಾರತದ ವೈದ್ಯರ ಮುಂದೆ ಯುರೋಪಿನವರಿಗೆ ಅಷ್ಟಾಗಿ ಇಲ್ಲದ ಒಂದು ತೊಡಕಿದೆ: ಕರುಳಿನ ಟಿಬಿ. ಎರಡೂ ಸಣ್ಣ ಕರುಳಿನ ಕೊನೆಯನ್ನೇ ಹಿಡಿಯುತ್ತವೆ, ಎರಡರಲ್ಲೂ ಜ್ವರ, ನೋವು, ತೂಕದ ಇಳಿಕೆ, ಎರಡರಲ್ಲೂ ಬಯಾಪ್ಸಿಯಲ್ಲಿ ಗ್ರಾನ್ಯುಲೋಮ, ಅಂದರೆ ಉರಿಯೂತದ ಕಣಗಳ ಸಣ್ಣ ಗಂಟು. ತಪ್ಪಿದರೆ ಆಗುವ ಹಾನಿ ಮಾತ್ರ ಬೇರೆ ಬೇರೆ. ಟಿಬಿ ಇರುವವರಿಗೆ ಕ್ರೋನ್ಸ್ ಎಂದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಕ್ರೋನ್ಸ್ ಇರುವವರಿಗೆ ಟಿಬಿ ಮಾತ್ರೆ ಕೊಡುತ್ತ ತಿಂಗಳುಗಟ್ಟಲೆ ಕಾದರೆ ಅಷ್ಟರಲ್ಲಿ ಕರುಳು ಕಿರಿದಾಗಿರುತ್ತದೆ.

ಈ ಪ್ರಶ್ನೆಯ ಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ದಿಲ್ಲಿಯ ಏಮ್ಸ್ ಮಾಡಿರುವ ಕೆಲಸವನ್ನು ಬೇರೆ ದೇಶಗಳವರೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಗ್ರಾನ್ಯುಲೋಮಗಳು ದೊಡ್ಡವಾಗಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಕೊಳೆತಿದ್ದರೆ ಟಿಬಿಯ ಕಡೆ ವಾಲುತ್ತದೆ. ಸಣ್ಣದಾಗಿ ಬಿಡಿಬಿಡಿಯಾಗಿದ್ದರೆ ಕ್ರೋನ್ಸ್ ಕಡೆ. ಸಿಟಿ ಸ್ಕ್ಯಾನಿನಲ್ಲಿ ಒಳಗೆ ಕೊಳೆತ ದುಗ್ಧಗ್ರಂಥಿ ಕಂಡರೆ ಟಿಬಿ. ಕರುಳಿನ ಉದ್ದಕ್ಕೂ ಅಲ್ಲಲ್ಲಿ ಬಿಟ್ಟು ಬಿಟ್ಟು ದಪ್ಪಗಾಗಿದ್ದರೆ ಕ್ರೋನ್ಸ್. ಟಿಬಿ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ಏನೂ ಹೇಳಿದಂತಾಗಲಿಲ್ಲ. ಇಷ್ಟಾದರೂ ಬಗೆಹರಿಯದವರಿಗೆ ಟಿಬಿ ಚಿಕಿತ್ಸೆ ಕೊಟ್ಟು ನೋಡುವ ರೂಢಿಯಿದೆ. ತಜ್ಞ ಕೇಂದ್ರ ಬೇರೆಯಾಗುವುದು ಇಲ್ಲಿ: ಅಲ್ಲಿ ಎರಡು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯುತ್ತಿದೆಯೇ ಎಂದು ನೋಡುತ್ತಾರೆ. ರೋಗಿಗೆ ‘ಸ್ವಲ್ಪ ಪರವಾಗಿಲ್ಲ’ ಅನ್ನಿಸುವುದು ಸಾಕ್ಷಿಯಲ್ಲ. ಕ್ರೋನ್ಸ್ ಇರುವವರಲ್ಲೂ ಕೆಲವರಿಗೆ ಆ ಮಾತ್ರೆಯಲ್ಲಿ ತಾತ್ಕಾಲಿಕ ಸುಧಾರಣೆ ಕಾಣುತ್ತದೆ. ಹುಣ್ಣು ಮಾಯದಿದ್ದರೆ ರೋಗನಿರ್ಣಯವನ್ನು ಆಗಲೇ ಮರುಪರಿಶೀಲಿಸಬೇಕು. ಆರು ತಿಂಗಳ ಕೋರ್ಸ್ ಮುಗಿಸಿ, ಗುಣವಾಗಲಿಲ್ಲವೆಂದು ಇನ್ನೂ ಆರು ತಿಂಗಳು ಮುಂದುವರಿಸುವುದು ನಮ್ಮಲ್ಲಿ ಈಗಲೂ ನಡೆಯುವ ದೊಡ್ಡ ತಪ್ಪು.

ತಂಡ ಮತ್ತು ಕ್ಲಿನಿಕ್

ಒಳ್ಳೆಯ ಐಬಿಡಿ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರೋ ಡಾಕ್ಟರ್ ಒಬ್ಬರೇ ಇರುವುದಿಲ್ಲ. ಕೊಲೊರೆಕ್ಟಲ್ ಸರ್ಜನ್, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್, ಆಹಾರತಜ್ಞರು, ಸ್ಟೋಮಾ (ಹೊಟ್ಟೆಯ ಮೇಲೆ ತೆರೆದ ಕರುಳಿನ ಬಾಯಿ) ನೋಡಿಕೊಳ್ಳುವ ನರ್ಸ್ ಒಂದೇ ಮೇಜಿನ ಸುತ್ತ ಕೂತು ಕಷ್ಟದ ಪ್ರಕರಣಗಳನ್ನು ಚರ್ಚಿಸುತ್ತಾರೆ. ಕರುಳಿನಾಚೆಗೂ ಈ ಕಾಯಿಲೆ ಚಾಚಿಕೊಳ್ಳುವುದರಿಂದ ಕೀಲು, ಕಣ್ಣು, ಚರ್ಮ, ಪಿತ್ತನಾಳಗಳ ತಜ್ಞರನ್ನೂ ಆಗಾಗ ಕರೆಯಬೇಕಾಗುತ್ತದೆ.

ಬ್ರಿಟನ್ನಿನಲ್ಲಿ 2006ರಲ್ಲಿ ರಾಷ್ಟ್ರಮಟ್ಟದ ಐಬಿಡಿ ಲೆಕ್ಕಪರಿಶೋಧನೆ ಶುರುವಾದಾಗ ಒಂದು ಆಸ್ಪತ್ರೆಗೂ ಇನ್ನೊಂದಕ್ಕೂ ಚಿಕಿತ್ಸೆಯ ಗುಣಮಟ್ಟದಲ್ಲಿ ಭಾರಿ ಅಂತರ ಕಂಡಿತು. ಅದರ ಬೆನ್ನಿಗೆ 2009ರಲ್ಲಿ ಬಂದ ಮಾನದಂಡಗಳಲ್ಲಿ ಒಂದು ಸಾಲು ಗಮನ ಸೆಳೆಯುತ್ತದೆ: ವಾರ್ಡಿನಲ್ಲಿ ಮೂರು ಹಾಸಿಗೆಗೆ ಕನಿಷ್ಠ ಒಂದು ಶೌಚಾಲಯ ಇರಬೇಕು. ದಿನಕ್ಕೆ ಹದಿನೈದು ಸಲ ರಕ್ತ ಹೋಗುವವರಿಗೆ ಇದಕ್ಕಿಂತ ದೊಡ್ಡ ಸೌಲಭ್ಯವಿಲ್ಲ. ನಮ್ಮ ಜನರಲ್ ವಾರ್ಡುಗಳನ್ನು ಈ ಒಂದು ಅಳತೆಯಿಂದ ನೋಡಿದರೆ ಸಾಕು, ಉಳಿದದ್ದನ್ನು ಕೇಳಬೇಕಾಗಿಲ್ಲ.

ಬ್ರಿಟನ್, ಡೆನ್ಮಾರ್ಕ್, ಕೆನಡಾ ಮುಂತಾದೆಡೆ ಈ ವ್ಯವಸ್ಥೆಯ ಬೆನ್ನೆಲುಬು ಐಬಿಡಿ ನರ್ಸ್. ಕಾಯಿಲೆ ಕೆರಳಿದಾಗ ರೋಗಿ ಮೊದಲು ಫೋನ್ ಮಾಡುವುದು ಅವರಿಗೆ. ರಕ್ತಪರೀಕ್ಷೆಯ ವರದಿ ನೋಡುವುದು, ಇಂಜೆಕ್ಷನ್ ಕಲಿಸುವುದು, ಮುಂದಿನ ವಾರವೇ ಡಾಕ್ಟರನ್ನು ಕಾಣಬೇಕೋ ಬೇಡವೋ ಎಂದು ತೂಗುವುದು ಅವರದೇ ಕೆಲಸ. ಭಾರತದಲ್ಲಿ ಇಂಥ ಹುದ್ದೆ ಕೆಲವೇ ದೊಡ್ಡ ಕೇಂದ್ರಗಳಲ್ಲಿದೆ. ಬಹುಪಾಲು ಕಡೆ ಆ ಕೆಲಸವನ್ನು ಡಾಕ್ಟರರ ವಾಟ್ಸ್‌ಆ್ಯಪ್ ಮಾಡುತ್ತಿದೆ, ರಾತ್ರಿ ಹನ್ನೊಂದಕ್ಕೆ ಬಂದ ಮಲದ ಫೋಟೋ ಸಮೇತ.

ತೀವ್ರ ಕೊಲೈಟಿಸ್‌ನ ಮೊದಲ ದಿನಗಳು

ತಜ್ಞ ಚಿಕಿತ್ಸೆಯ ಬೆಲೆ ನಿಚ್ಚಳವಾಗಿ ಕಾಣುವುದು ತೀವ್ರ ಅಲ್ಸರೇಟಿವ್ ಕೊಲೈಟಿಸ್‌ನಿಂದ ಆಸ್ಪತ್ರೆ ಸೇರಿದವರಲ್ಲಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತದ ಭೇದಿ, ಜೊತೆಗೆ ನಾಡಿ 90ಕ್ಕಿಂತ ಹೆಚ್ಚು, ಜ್ವರ 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಇಎಸ್‌ಆರ್ 30ಕ್ಕಿಂತ ಹೆಚ್ಚು, ಇವುಗಳಲ್ಲಿ ಒಂದಾದರೂ ಇದ್ದರೆ ಅದು ತೀವ್ರ. 1955ರ ಟ್ರೂಲವ್–ವಿಟ್ಸ್ ಅಳತೆಯಿಂದ ಬಂದದ್ದು ಇದು, ಇವತ್ತಿಗೂ ಬಳಕೆಯಲ್ಲಿದೆ.

ಮೊದಲ ದಿನ ಹೊಟ್ಟೆಯ ಎಕ್ಸ್‌ರೇ. ದೊಡ್ಡ ಕರುಳು ಆರು ಸೆಂಟಿಮೀಟರ್ ದಾಟಿ ಉಬ್ಬಿದ್ದರೆ ಅಪಾಯ. ಮಲದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಸೋಂಕಿದೆಯೇ ಎಂಬ ಪರೀಕ್ಷೆ. ಭೇದಿ ಮಾತ್ರೆ ಕೊಡದೆ ಗುದನಾಳದಷ್ಟನ್ನೇ ಸ್ಕೋಪಿನಿಂದ ನೋಡಿ ಬಯಾಪ್ಸಿ. ರಕ್ತನಾಳದ ಮೂಲಕ ಹೈಡ್ರೊಕಾರ್ಟಿಸೋನ್, 100 ಮಿಲಿಗ್ರಾಂನಂತೆ ದಿನಕ್ಕೆ ನಾಲ್ಕು ಸಲ. ಇದರ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. ರಕ್ತ ಹೋಗುತ್ತಿರುವವರಿಗೇ ಈ ಇಂಜೆಕ್ಷನ್ ಯಾಕೆ ಎಂದು ಮನೆಯವರು ಗಾಬರಿಯಾಗುತ್ತಾರೆ, ಅನುಭವ ಕಡಿಮೆಯಿರುವ ಡಾಕ್ಟರೂ ಹಿಂಜರಿಯುತ್ತಾರೆ. ಆದರೆ ಉರಿಯೂತ ಕೆರಳಿದಾಗ ಕಾಲಿನ ರಕ್ತನಾಳಗಳಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಹೆಪಾರಿನ್ ಬಿಡುವುದೇ ತಪ್ಪು.

ಹಾಸಿಗೆಯ ಬದಿಗೆ ಒಂದು ಹಾಳೆ ತೂಗುತ್ತದೆ. ಎಷ್ಟು ಹೊತ್ತಿಗೆ ಹೋಯಿತು, ರಕ್ತ ಎಷ್ಟಿತ್ತು ಎಂದು ರೋಗಿಯೋ ಮನೆಯವರೋ ಬರೆದಿಡುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಆ ಹಾಳೆಗೆ ಸ್ಕ್ಯಾನಿಗಿಂತ ಹೆಚ್ಚು ಬೆಲೆ. 1996ರಲ್ಲಿ ಆಕ್ಸ್‌ಫರ್ಡ್ ತಂಡ ತೋರಿಸಿದಂತೆ, ಮೂರನೆಯ ದಿನವೂ ಎಂಟಕ್ಕಿಂತ ಹೆಚ್ಚು ಸಲ ಹೋಗುತ್ತಿದ್ದರೆ, ಅಥವಾ ಮೂರರಿಂದ ಎಂಟು ಸಲ ಹೋಗುತ್ತ ರಕ್ತದಲ್ಲಿ ಉರಿಯೂತ ತೋರುವ ಸಿಆರ್‌ಪಿ 45 ದಾಟಿದ್ದರೆ, ಅಂಥವರಲ್ಲಿ 85% ಮಂದಿಗೆ ಅದೇ ದಾಖಲಾತಿಯಲ್ಲಿ ಆಪರೇಷನ್ ಬೇಕಾಗಿತ್ತು. ಇಂದು ಆ ಹಂತದಲ್ಲಿ ರೋಗನಿರೋಧಕ ಶಕ್ತಿ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೊಸ್ಪೊರಿನ್ ಕೊಟ್ಟು ನೋಡುವ ಅವಕಾಶವಿದೆ. ಇನ್ನೂ ಅಗ್ಗದ ಟೋಫಾಸಿಟಿನಿಬ್ ಮಾತ್ರೆಯನ್ನು ತೀವ್ರ ಕೊಲೈಟಿಸ್‌ನಲ್ಲಿ ಪರೀಕ್ಷಿಸಿದ ಮುಖ್ಯ ಪ್ರಯೋಗವೊಂದು ಭಾರತದಲ್ಲೇ ನಡೆದು 2024ರಲ್ಲಿ ಪ್ರಕಟವಾಯಿತು. ಈ ಔಷಧಗಳಿಗೂ ಬಗ್ಗದಿದ್ದರೆ ಆಪರೇಷನ್. ಹತ್ತು ಹದಿನೈದು ದಿನ ಸ್ಟಿರಾಯ್ಡ್ ಸುರಿದು, ಪೋಷಣೆ ಬತ್ತಿದ ಮೇಲೆ ಸರ್ಜನ್ನರ ಕೈಗೆ ಒಪ್ಪಿಸಿದರೆ ಅವರೂ ಏನು ಮಾಡಿಯಾರು?

ಆದ್ದರಿಂದ ಒಳ್ಳೆಯ ಕೇಂದ್ರದಲ್ಲಿ ಸರ್ಜನ್ ಮತ್ತು ಸ್ಟೋಮಾ ನರ್ಸ್ ಮೊದಲೇ ಬಂದು ಮಾತಾಡಿ ಹೋಗುತ್ತಾರೆ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಅಂಟಿಸುವ ಜಾಗವನ್ನು ಆಪರೇಷನ್ನಿಗೆ ಮುಂಚೆಯೇ ಶಾಯಿಯಿಂದ ಗುರುತು ಮಾಡಬೇಕು. ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಚರ್ಮದ ಮಡಿಕೆ ಎಲ್ಲಿ ಬೀಳುತ್ತದೆ ನೋಡುತ್ತಾರೆ. ಹೆಂಗಸರಾದರೆ ಲಂಗದ ಲಾಡಿ, ಗಂಡಸರಾದರೆ ಪಂಚೆ ಅಥವಾ ಬೆಲ್ಟು ಎಲ್ಲಿ ಕೂರುತ್ತದೆಂದು ಕೇಳುತ್ತಾರೆ. ಕೇಳದೆ ಗುರುತು ಹಾಕಿದರೆ ಚೀಲ ಮುಂದೆ ದಿನವೂ ಸೋರುತ್ತದೆ.

ಔಷಧಗಳು

ಅಲ್ಸರೇಟಿವ್ ಕೊಲೈಟಿಸ್ ಗುದನಾಳದಲ್ಲಷ್ಟೇ ಇದ್ದರೆ ಮೆಸಲಮೈನ್‌ನ ಸಪೊಸಿಟರಿ ಅಥವಾ ಎನಿಮಾ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಾಚಿಕೆಗೆ ರೋಗಿಗಳು ಅದನ್ನು ಬಿಡುತ್ತಾರೆ, ಹೇಳಿಕೊಡುವ ವ್ಯವಧಾನವಿಲ್ಲದೆ ಡಾಕ್ಟರರು ಬರೆಯುವುದಿಲ್ಲ. ಸ್ಟಿರಾಯ್ಡ್ ಕೆರಳಿದ ಕಾಯಿಲೆಯನ್ನು ತಣಿಸಲು ಮಾತ್ರ. ತಣಿದದ್ದನ್ನು ಉಳಿಸಿಕೊಳ್ಳಲು ಅದು ಆಗದು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಪ್ರೆಡ್ನಿಸೊಲೋನ್ ತಂದು ವರ್ಷಗಟ್ಟಲೆ ನುಂಗಿದವರ ಉಬ್ಬಿದ ಮುಖ, ಸವೆದ ಮೂಳೆ, ಏರಿದ ಸಕ್ಕರೆ ಯಾವುದೇ ಐಬಿಡಿ ಕ್ಲಿನಿಕ್ಕಿನಲ್ಲಿ ಕಾಣಸಿಗುತ್ತದೆ.

ದೀರ್ಘಕಾಲದ ಹಿಡಿತಕ್ಕೆ ಅಜಥಿಯೊಪ್ರಿನ್ ಭಾರತದಲ್ಲಿ ಇನ್ನೂ ಮುಖ್ಯ ಔಷಧ, ಕಾರಣ ಅಗ್ಗ. ಇದರ ಅಪಾಯ ಬಿಳಿರಕ್ತಕಣ ಕುಸಿಯುವುದು. ಯುರೋಪಿನಲ್ಲಿ ಟಿಪಿಎಂಟಿ ಎಂಬ ಕಿಣ್ವದ ಪರೀಕ್ಷೆ ಮಾಡಿ ಔಷಧ ಶುರು ಮಾಡುತ್ತಾರೆ. ಏಷ್ಯಾದವರಿಗೆ ಅದು ಸಾಲದೆಂದು 2014ರಲ್ಲಿ ಕೊರಿಯಾದ ಸಂಶೋಧಕರು ತೋರಿಸಿದರು. ನಮ್ಮಲ್ಲಿ ನೋಡಬೇಕಾದ್ದು ನಡ್15 ಎಂಬ ಜೀನಿನ ಬದಲಾವಣೆ. ಅದು ಎರಡೂ ಪ್ರತಿಗಳಲ್ಲಿ ಇರುವವರಿಗೆ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರುತ್ತದೆ, ಬೆನ್ನಿಗೇ ರಕ್ತಕಣ ಬೀಳುತ್ತದೆ. ಪರೀಕ್ಷೆ ಸಿಗದ ಕಡೆ ಎರಡು ವಾರಕ್ಕೊಮ್ಮೆ ರಕ್ತ ತಪಾಸಣೆ ಮಾಡಿಸಲೇಬೇಕು. ಕೂದಲು ಉದುರಿದರೆ ಎಣ್ಣೆ ಬದಲಾಯಿಸದೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ ಎಂದು ಮೊದಲೇ ಹೇಳಿಡಬೇಕು.

ಬಯೊಲಾಜಿಕ್ (ಜೀವಕೋಶಗಳಲ್ಲಿ ತಯಾರಿಸಿದ) ಔಷಧಗಳ ಕಾಲ ಶುರುವಾದದ್ದು 1998ರಲ್ಲಿ, ಕ್ರೋನ್ಸ್‌ಗೆ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದ ಅನುಮತಿ ಸಿಕ್ಕಾಗ. ಅಡಲಿಮುಮ್ಯಾಬ್, ಕರುಳಿನ ಮೇಲಷ್ಟೇ ಹೆಚ್ಚಾಗಿ ಕೆಲಸ ಮಾಡುವ ವೆಡೊಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್, ಬಾಯಿಂದ ನುಂಗುವ ಟೋಫಾಸಿಟಿನಿಬ್ ಮತ್ತು ಉಪಡಾಸಿಟಿನಿಬ್ ಒಂದರ ಹಿಂದೆ ಒಂದು ಬಂದವು. ಉರಿಯೂತ ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್ ದೇಹದಲ್ಲಿ ಮಲಗಿರುವ ಟಿಬಿಯನ್ನು ಎಬ್ಬಿಸಬಹುದು. ಹಾಗಾಗಿ ಶುರು ಮಾಡುವ ಮುನ್ನ ಎದೆಯ ಎಕ್ಸ್‌ರೇ, ಮಾಂಟೂ ಅಥವಾ ಐಜಿಆರ್‌ಎ ಪರೀಕ್ಷೆ, ಹೆಪಟೈಟಿಸ್ ಬಿ ತಪಾಸಣೆ ಕಡ್ಡಾಯ. ಎಲ್ಲ ನೆಗೆಟಿವ್ ಬಂದರೂ ನಮ್ಮಂಥ ದೇಶದಲ್ಲಿ ಹೊಸದಾಗಿ ಟಿಬಿ ತಗಲಬಹುದು; ಸಂಜೆಯ ಜ್ವರವನ್ನು ಉಡಾಫೆ ಮಾಡುವಂತಿಲ್ಲ.

ಸೌಮ್ಯ ಔಷಧದಿಂದ ಹತ್ತುತ್ತ ಹೋಗುವ ಹಳೆಯ ಕ್ರಮವನ್ನು ಬ್ರಿಟನ್ನಿನ ಪ್ರೊಫೈಲ್ ಪ್ರಯೋಗ 2024ರಲ್ಲಿ ಗಟ್ಟಿಯಾಗಿ ಪ್ರಶ್ನಿಸಿತು. ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಮಂದಿಯಲ್ಲಿ ಆರಂಭದಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರ ಪೈಕಿ 79% ಮಂದಿ ಒಂದು ವರ್ಷದ ಹೊತ್ತಿಗೆ ಸ್ಟಿರಾಯ್ಡ್ ಇಲ್ಲದೆ, ಆಪರೇಷನ್ ಇಲ್ಲದೆ ನೆಮ್ಮದಿಯಾಗಿದ್ದರು. ಹಳೆಯ ಕ್ರಮದಲ್ಲಿ 15%. ಈ ಫಲಿತಾಂಶವನ್ನು ನಮ್ಮ ದೇಶಕ್ಕೆ ಹಾಗೇ ತರುವುದು ಸುಲಭವಲ್ಲ, ಟಿಬಿಯ ಅನುಮಾನ ಪೂರ್ತಿ ನಿವಾರಣೆಯಾಗದೆ ಆ ಅವಸರ ಸಲ್ಲದು.

ಶಸ್ತ್ರಚಿಕಿತ್ಸೆ

ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ 1952ರಲ್ಲಿ ಕರುಳಿನ ತುದಿಯನ್ನು ಹೊರಮಗುಚಿ ಹೊಲಿಯುವ ಸರಳ ಉಪಾಯ ಹೇಳಿಕೊಟ್ಟ ಮೇಲೆ ಇಲಿಯಾಸ್ಟಮಿಯೊಂದಿಗೆ (ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದ ಬಾಯಿ) ಬದುಕುವುದು ಸಾಧ್ಯವಾಯಿತು. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ ಸಣ್ಣ ಕರುಳಿನಿಂದಲೇ ಒಳಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುವ ವಿಧಾನ ವಿವರಿಸಿದರು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳು ತೆಗೆದರೆ ಕರುಳಿನ ಕಾಯಿಲೆ ಹೋಗುತ್ತದೆ. ಕ್ರೋನ್ಸ್‌ನಲ್ಲಿ ಹಾಗಲ್ಲ, ಜೋಡಿಸಿದ ಜಾಗದಲ್ಲೇ ಮರಳುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಸ್ಕೋಪಿನಿಂದ ನೋಡಬೇಕು, ಕರುಳನ್ನು ಆದಷ್ಟು ಉಳಿಸಬೇಕು. ಗುದದ ಫಿಸ್ಟುಲಾ ಇದ್ದರೆ ಎಂಆರ್‌ಐ ಮಾಡಿ, ಕೀವು ಹೊರಹಾಕಿ, ಕೀವು ಹರಿದುಹೋಗಲು ಸೀಟನ್ ಎಂಬ ದಾರ ಹಾಕಿದ ಮೇಲೆಯೇ ಬಯೊಲಾಜಿಕ್. ಕ್ರೋನ್ಸ್ ಇದೆಯೆಂದು ತಿಳಿಯದೆ ಸಾಮಾನ್ಯ ಫಿಸ್ಟುಲಾದಂತೆ ಕತ್ತರಿಸಿದರೆ ಮಲದ ಹಿಡಿತವೇ ತಪ್ಪಬಹುದು.

ಮಕ್ಕಳು, ಬಸುರಿಯರು, ಕ್ಯಾನ್ಸರ್ ನಿಗಾ

ಮಕ್ಕಳ ಕ್ರೋನ್ಸ್‌ಗೆ ಸ್ಟಿರಾಯ್ಡ್ ಬದಲು ಆರರಿಂದ ಎಂಟು ವಾರ ದ್ರವರೂಪದ ಪೌಷ್ಟಿಕ ಆಹಾರ ಮಾತ್ರ ಕೊಡುವ ಚಿಕಿತ್ಸೆಯಿದೆ. ಬೆಳವಣಿಗೆ ಕುಂಠಿತವಾಗದಿರುವುದು ಅದರ ಲಾಭ. ದೊಡ್ಡವರ ಊಟದ ಬಗ್ಗೆ ಹೇಳುವುದು ಕಡಿಮೆಯೇ. ಎಲ್ಲರಿಗೂ ಮೊಸರನ್ನ, ಗಂಜಿ ಎಂದು ಪಥ್ಯ ಹಾಕಿ ಹಾಲು, ಬೇಳೆ, ಹಣ್ಣು ಬಿಡಿಸಿದರೆ ಮೊದಲೇ ಇಳಿದ ತೂಕ ಇನ್ನಷ್ಟು ಇಳಿಯುತ್ತದೆ. ಕರುಳು ಕಿರಿದಾಗಿರುವವರು ಮಾತ್ರ ನಾರಿನ ತರಕಾರಿಯಲ್ಲಿ ಎಚ್ಚರವಾಗಿರಬೇಕು.

ಕಾಯಿಲೆ ತಣಿದಿರುವಾಗ ಬಸುರಾಗುವುದು ಕ್ಷೇಮ. ಭಯಬಿದ್ದು ಎಲ್ಲ ಔಷಧ ಬಿಡುವುದು ತಾಯಿಗೂ ಮಗುವಿಗೂ ಹೆಚ್ಚು ಅಪಾಯ. ಮೆಥೊಟ್ರೆಕ್ಸೇಟ್, ಟೋಫಾಸಿಟಿನಿಬ್‌ನಂಥವನ್ನು ಮಾತ್ರ ಮೊದಲೇ ನಿಲ್ಲಿಸಬೇಕು. ನಮ್ಮ ದೇಶಕ್ಕೆ ವಿಶೇಷವಾದ ಎಚ್ಚರಿಕೆ ಒಂದಿದೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆಯುತ್ತಿದ್ದ ತಾಯಿಯ ರಕ್ತದಿಂದ ಅದು ಮಗುವಿಗೆ ದಾಟಿರುತ್ತದೆ. ಹುಟ್ಟಿದ ಕೂಡಲೇ ವಾಡಿಕೆಯಂತೆ ಬಿಸಿಜಿ ಹಾಕಿದರೆ ಆ ಜೀವಂತ ಲಸಿಕೆಯೇ ಮಗುವಿಗೆ ಮುಳುವಾಗಬಹುದು. ಅಂಥ ಸಾವು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಆರರಿಂದ ಹನ್ನೆರಡು ತಿಂಗಳು ಮುಂದೂಡಬೇಕೆಂಬುದನ್ನು ಹೆರಿಗೆ ಆಸ್ಪತ್ರೆಗೆ ಬರೆದು ಕೊಡಬೇಕು, ಬಾಯಿಮಾತು ಸಾಲದು.

ದೊಡ್ಡ ಕರುಳಿನ ಉರಿಯೂತ ಎಂಟು ವರ್ಷ ದಾಟಿದ ಮೇಲೆ ಕ್ಯಾನ್ಸರ್ ನಿಗಾಕ್ಕಾಗಿ ಕೊಲೊನೋಸ್ಕೋಪಿ ಶುರುವಾಗಬೇಕು. ಪಿತ್ತನಾಳಗಳು ಗಟ್ಟಿಯಾಗುವ ಪಿಎಸ್‌ಸಿ ಜೊತೆಗಿದ್ದರೆ ಅದು ಗೊತ್ತಾದ ದಿನದಿಂದಲೇ, ಪ್ರತಿವರ್ಷ.

ಭಾರತದಲ್ಲಿ ದೊರಕುವಿಕೆ

ಬಯೊಲಾಜಿಕ್‌ಗಳ ದುಬಾರಿ ಬೆಲೆ ಅವುಗಳ ಸಮಾನ ಪ್ರತಿಗಳಾದ ಬಯೊಸಿಮಿಲರ್‌ಗಳಿಂದ ತುಸು ಇಳಿದಿದೆ. ಅಡಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೊಸಿಮಿಲರ್ 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದದ್ದು ಭಾರತದಲ್ಲಿ, ಅಹಮದಾಬಾದಿನ ಜೈಡಸ್‌ನಿಂದ. ಬೆಂಗಳೂರಿನ ಬಯೊಕಾನ್ ಬಯೊಲಾಜಿಕ್ಸ್‌ನ ಉಸ್ಟೆಕಿನುಮ್ಯಾಬ್ ಬಯೊಸಿಮಿಲರ್‌ಗೆ 2024ರ ಕೊನೆಯಲ್ಲಿ ಅಮೆರಿಕದ ಅನುಮತಿ ದೊರಕಿತು. ತಯಾರಿಕೆ ಇಲ್ಲಿದ್ದರೂ ಬಳಕೆ ಕಡಿಮೆ: ಖರ್ಚು ಬಹುಪಾಲು ರೋಗಿಯ ಜೇಬಿನದು, ಇನ್‌ಫ್ಲಿಕ್ಸಿಮ್ಯಾಬ್ ಆದರೆ ಎಂಟು ವಾರಕ್ಕೊಮ್ಮೆ ತಪ್ಪದೆ ಬೇಕು. ಎರಡು ಡೋಸ್ ಪಡೆದು ದುಡ್ಡಿಲ್ಲದೆ ಬಿಟ್ಟು, ಒಂದೂವರೆ ವರ್ಷದ ಮೇಲೆ ಮತ್ತೆ ಶುರು ಮಾಡಿದರೆ ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿರಬಹುದು. ಪೂರ್ತಿ ಕೋರ್ಸಿನ ಲೆಕ್ಕ ಕೂತು ಮಾತಾಡದೆ ಮೊದಲ ಡೋಸ್ ಕೊಡುವುದು ಒಳ್ಳೆಯ ವೈದ್ಯಕೀಯವಲ್ಲ.

ಕರ್ನಾಟಕದಲ್ಲಿ ಗ್ಯಾಸ್ಟ್ರೋ ತಜ್ಞರು ಬೆಂಗಳೂರು, ಮಣಿಪಾಲ, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಗುಂಪುಗೂಡಿದ್ದಾರೆ. ಬೀದರ್, ರಾಯಚೂರು ಕಡೆಯವರಿಗೆ ಹೈದರಾಬಾದೇ ಹತ್ತಿರ. ರಾತ್ರಿ ಬಸ್ಸಿನಲ್ಲಿ ಶೌಚಾಲಯವಿಲ್ಲದ ಕಾರಣ ಹಿಂದಿನ ಮಧ್ಯಾಹ್ನದಿಂದಲೇ ಉಪವಾಸ ಕೂತು ಹೊರಡುವವರಿದ್ದಾರೆ. ಪ್ರತಿ ಸಲ ತಜ್ಞರ ಊರಿಗೇ ಬರಬೇಕಾಗಿಲ್ಲ. ವರ್ಷಕ್ಕೆ ಎರಡು ಮೂರು ಭೇಟಿ, ನಡುವೆ ಫೋನು ಅಥವಾ ವಿಡಿಯೊ, ಉಳಿದದ್ದು ಊರಿನ ಡಾಕ್ಟರ ಬಳಿ ಎಂಬ ಹಂಚಿಕೆ ನಡೆಯುವಂಥದ್ದು, ತಜ್ಞರು ಒಂದು ಪುಟದ ಪತ್ರ ಬರೆದು ಕೊಟ್ಟರೆ. ಅದರಲ್ಲಿ ಯಾವ ಔಷಧ ಯಾವ ಪ್ರಮಾಣದಲ್ಲಿ, ಯಾವ ರಕ್ತಪರೀಕ್ಷೆ ಎಷ್ಟು ದಿನಕ್ಕೊಮ್ಮೆ, ಬಿಳಿರಕ್ತಕಣ ಎಷ್ಟಕ್ಕೆ ಇಳಿದರೆ ಅಜಥಿಯೊಪ್ರಿನ್ ನಿಲ್ಲಿಸಬೇಕು, ಯಾವ ಲಕ್ಷಣ ಕಂಡರೆ ಅದೇ ದಿನ ಕಳುಹಿಸಬೇಕು ಎಂಬುದಿರಬೇಕು. ಮೈಕೈ ನೋವಿಗೆ ಡೈಕ್ಲೊಫೆನಾಕ್ ಬದಲು ಪ್ಯಾರಾಸಿಟಮಾಲ್ ಎಂಬ ಸಾಲೂ ಇರಲಿ. ಕೆಲವರ ಕಾಯಿಲೆ ಅಂಥ ಒಂದು ನೋವುನಿವಾರಕ ಇಂಜೆಕ್ಷನ್ನಿನಿಂದ ಮತ್ತೆ ಕೆರಳಬಹುದು.